ಕಾಲೇಜಿನ ಖರ್ಚು: ಮುಗಿಸಿದವರ ಲೆಕ್ಕ, ಬಿಟ್ಟವರ ಲೆಕ್ಕ

(ಒಂದು ಸಭೆಯಲ್ಲಿ ನಾನು ಆಡಿದ ಮಾತುಗಳ ಬರಹರೂಪ ಇದು.)

ಎಲ್ಲರಿಗೂ ನಮಸ್ಕಾರ.

ಕಾಲೇಜಿಗೆ ಸುರಿದ ದುಡ್ಡು ವಾಪಸ್ ಬರುತ್ತದೆಯೇ? ಇವತ್ತು ನನಗೆ ಕೊಟ್ಟ ವಿಷಯ ಇಷ್ಟೇ. ಈ ಪ್ರಶ್ನೆ ಎತ್ತಿದ ತಕ್ಷಣ ಎರಡು ಗುಂಪು ಹುಟ್ಟಿಕೊಳ್ಳುತ್ತವೆ. ಒಂದು ಗುಂಪು ಸಂಬಳದ ಪಟ್ಟಿ ತೆಗೆಯುತ್ತದೆ. ಡಿಗ್ರಿ ಇದ್ದವರಿಗೆ ಇಷ್ಟು, ಇಲ್ಲದವರಿಗೆ ಇಷ್ಟು, ಇನ್ನೇನು ಮಾತು ಎನ್ನುತ್ತದೆ. ಇನ್ನೊಂದು ಗುಂಪು ಬಿಲ್ ಗೇಟ್ಸ್ ಹೆಸರು ತೆಗೆಯುತ್ತದೆ. 1975ರಲ್ಲಿ ಹಾರ್ವರ್ಡ್ ಬಿಟ್ಟರು, ಆಮೇಲೆ ಏನಾದರು ನೋಡಿ ಎನ್ನುತ್ತದೆ. ಎರಡೂ ವಾದದಲ್ಲಿ ಕೆಲವರು ಕಾಣುವುದೇ ಇಲ್ಲ. ಅವರು ಕಾಲೇಜಿಗೆ ಸೇರಿದರು, ಒಂದೆರಡು ವರ್ಷ ಓದಿದರು, ಫೀಸು ಕಟ್ಟಿದರು, ಸಾಲವನ್ನೂ ಮಾಡಿದರು. ಡಿಗ್ರಿ ಮಾತ್ರ ಕೈಗೆ ಬರಲಿಲ್ಲ. ಅವರು ಡಿಗ್ರಿ ಇದ್ದವರ ಪಟ್ಟಿಯಲ್ಲೂ ಇಲ್ಲ, ಗೇಟ್ಸ್ ಥರದ ಕಥೆಯಲ್ಲೂ ಇಲ್ಲ. ಇವತ್ತಿನ ನನ್ನ ಮಾತೆಲ್ಲ ಅವರನ್ನು ಇಟ್ಟುಕೊಂಡೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಮುಗಿಸಿದ ಕಾಲೇಜು ಬಹುಪಾಲು ಜನಕ್ಕೆ ಖರ್ಚಿಗಿಂತ ಜಾಸ್ತಿಯೇ ಕೊಡುತ್ತದೆ. ಅರ್ಧಕ್ಕೆ ನಿಂತ ಕಾಲೇಜು ಅನೇಕರಿಗೆ ನಷ್ಟ. ಆದ್ದರಿಂದ ಸೇರುವ ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಈ ಕೋರ್ಸನ್ನು ಈ ಜಾಗದಲ್ಲಿ ನಾನು ಮುಗಿಸುತ್ತೇನೆಯೇ? ಮುಗಿಸದೇ ಹೋದರೆ ಪೆಟ್ಟು ಯಾರಿಗೆ ಬೀಳುತ್ತದೆ?

ಈಗ ಖರ್ಚಿನ ವಿಷಯಕ್ಕೆ ಬರೋಣ. ಓದನ್ನು ಲಾಭ ನಷ್ಟದ ಕಣ್ಣಿನಲ್ಲಿ ನೋಡುವುದು ಹೊಸದೇನಲ್ಲ. 1776ರಲ್ಲೇ ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್, ಬಹಳ ಸಮಯ ಮತ್ತು ಶ್ರಮ ಹಾಕಿ ಕೆಲಸ ಕಲಿತವನನ್ನು ದುಬಾರಿ ಯಂತ್ರಕ್ಕೆ ಹೋಲಿಸಿದ್ದರು. ಯಂತ್ರಕ್ಕೆ ಹಾಕಿದ ದುಡ್ಡು ಲಾಭ ಸಮೇತ ವಾಪಸ್ ಬರಬೇಕು. ಹಾಗೆಯೇ ಆ ಮನುಷ್ಯನ ಸಂಬಳವೂ ಸಾಮಾನ್ಯ ಕೂಲಿಗಿಂತ ಹೆಚ್ಚಿರಬೇಕು ಎಂಬುದು ಅವರ ವಾದ. 1960ರಲ್ಲಿ ಥಿಯೊಡೋರ್ ಶುಲ್ಟ್ಜ್ ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಭಾಷಣದಲ್ಲಿ ಓದನ್ನು ಬಂಡವಾಳ ಎಂದರು. 1964ರಲ್ಲಿ ಗ್ಯಾರಿ ಬೆಕರ್ ಮಾನವ ಬಂಡವಾಳ ಎಂಬ ಹೆಸರಿನಲ್ಲೇ ಪುಸ್ತಕ ಬರೆದರು. ಆ ಹೆಸರು ಇಡಲು ಅವರಿಗೇ ಹಿಂಜರಿಕೆ ಇತ್ತು. ಮನುಷ್ಯರನ್ನು ಯಂತ್ರದ ಹಾಗೆ ನೋಡುತ್ತಾರೆ ಎಂದು ಜನ ಬೈಯುತ್ತಿದ್ದ ಕಾಲ ಅದು.

ನನಗೂ ಆ ಹೆಸರು ಅಷ್ಟು ಹಿಡಿಸುವುದಿಲ್ಲ. ಆದರೆ ಆ ಲೆಕ್ಕದಿಂದ ಒಂದು ಉಪಕಾರ ಆಗಿದೆ. ಖರ್ಚು ಎಂದರೆ ಬರೀ ಫೀಸು ಎಂದುಕೊಂಡವರಿಗೆ ಅದು ಇನ್ನೊಂದು ಖರ್ಚು ತೋರಿಸಿತು. ಓದುವ ವರ್ಷಗಳಲ್ಲಿ ದುಡಿಯದೇ ಬಿಟ್ಟ ಸಂಬಳ. ಅದಕ್ಕೆ ರಸೀದಿ ಇಲ್ಲ, ಹಾಗಾಗಿ ಯಾರಿಗೂ ಕಾಣುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಇದು ನಾನೇ ಕಟ್ಟಿಕೊಂಡ ಉದಾಹರಣೆ, ಯಾವ ದೇಶದ ಅಂಕಿಯೂ ಅಲ್ಲ. ಡಿಗ್ರಿ ಇಲ್ಲದವರ ವರ್ಷದ ಸಂಬಳ 100 ಎನ್ನಿ. ಡಿಗ್ರಿ ಇದ್ದವರದ್ದು 150. ಕೋರ್ಸು ನಾಲ್ಕು ವರ್ಷ, ಫೀಸು ವರ್ಷಕ್ಕೆ 40. ಒಟ್ಟು ಫೀಸು 160 ಆಯಿತು. ಆದರೆ ಆ ನಾಲ್ಕು ವರ್ಷ ದುಡಿದಿದ್ದರೆ 400 ಸಿಗುತ್ತಿತ್ತು. ಹಾಗಾಗಿ ನಿಜವಾದ ಖರ್ಚು 560. ಡಿಗ್ರಿ ಬಂದ ಮೇಲೆ ವರ್ಷಕ್ಕೆ 50 ಹೆಚ್ಚು ಸಿಗುತ್ತದೆ. ಬಡ್ಡಿ ಬಿಟ್ಟು ನೋಡಿದರೆ ಹನ್ನೊಂದು ವರ್ಷ ಚಿಲ್ಲರೆಯಲ್ಲಿ ಅಸಲು ವಾಪಸ್. ಆಮೇಲೆ ಇನ್ನೂ ಇಪ್ಪತ್ತೈದು ಮೂವತ್ತು ವರ್ಷ ದುಡಿಮೆ ಇದೆ. ಒಳ್ಳೆಯ ವ್ಯವಹಾರವೇ, ಅಲ್ವಾ?

ಇದರಲ್ಲಿ ಫೀಸು ಪೂರಾ ತೆಗೆದುಹಾಕಿದರೂ ಖರ್ಚು 400 ಇದ್ದೇ ಇರುತ್ತದೆ. ಉಚಿತ ಕಾಲೇಜು ಇದ್ದರೆ ಸಮಸ್ಯೆಯೇ ಇಲ್ಲ ಎನ್ನುವವರು ಈ 400ನ್ನು ಮರೆಯುತ್ತಾರೆ. ಸ್ವೀಡನ್ನಿನಲ್ಲಿ ಆ ದೇಶದವರಿಗೆ ವಿಶ್ವವಿದ್ಯಾಲಯದ ಬೋಧನಾ ಶುಲ್ಕ ಇಲ್ಲ. ಆದರೂ ಅಲ್ಲಿನ ವಿದ್ಯಾರ್ಥಿಗಳು ಸಾಲ ಮಾಡುತ್ತಾರೆ. ಓದುವಾಗ ಬಾಡಿಗೆ ಕಟ್ಟಬೇಕು, ಊಟ ಮಾಡಬೇಕು.

ಈಗ ಅದೇ ಲೆಕ್ಕವನ್ನು ಎರಡನೇ ವರ್ಷದ ಕೊನೆಗೆ ಬಿಟ್ಟವರಿಗೆ ಹಾಕಿ ನೋಡೋಣ. ಫೀಸು 80, ಬಿಟ್ಟ ಸಂಬಳ 200, ಒಟ್ಟು ಖರ್ಚು 280. ಡಿಗ್ರಿ ಇಲ್ಲದ ಎರಡು ವರ್ಷದ ಓದಿಗೆ ಕೆಲಸ ಕೊಡುವವರು ವರ್ಷಕ್ಕೆ 5 ಹೆಚ್ಚು ಕೊಟ್ಟರು ಎನ್ನಿ. ಅಸಲು ತೀರಲು 56 ವರ್ಷ ಬೇಕು. ಖರ್ಚು ಅರ್ಧಕ್ಕೆ ಇಳಿಯಿತು, ಲಾಭ ಹತ್ತನೇ ಒಂದು ಪಾಲಿಗೆ ಕುಸಿಯಿತು.

ಆ 5 ಎಂಬ ಅಂಕಿ ನಾನು ಬೇಕಂತಲೇ ಕಡಿಮೆ ಇಟ್ಟೆ ಎಂದು ನಿಮಗೆ ಅನಿಸಬಹುದು. ಸ್ವಲ್ಪ ಇದ್ದಿರಬಹುದು. ಆದರೆ ದಿಕ್ಕು ಮಾತ್ರ ಸುಳ್ಳಲ್ಲ. ಓದಿನ ಪ್ರತಿ ವರ್ಷಕ್ಕೂ ಸಂಬಳ ಎಷ್ಟು ಏರುತ್ತದೆ ಎಂದು ಅಳೆದವರಿಗೆ ಒಂದು ವಿಚಿತ್ರ ಸಂಗತಿ ಕಂಡಿತು. ಡಿಗ್ರಿ ಸಿಗುವ ಕೊನೆಯ ವರ್ಷ ಅದರ ಹಿಂದಿನ ವರ್ಷಗಳಿಗಿಂತ ಬಹಳ ಜಾಸ್ತಿ ಕೊಡುತ್ತದೆ. ಪಾಠದಲ್ಲಿ ಆ ವರ್ಷ ಅಂಥ ವಿಶೇಷ ಏನೂ ಇರುವುದಿಲ್ಲ. ಕೆಲವು ಕಡೆ ಕೊನೆಯ ಸೆಮಿಸ್ಟರಿನಲ್ಲಿ ತರಗತಿಗಳೇ ಸರಿಯಾಗಿ ನಡೆಯುವುದಿಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಕುರಿಚರ್ಮದ ಪರಿಣಾಮ ಎನ್ನುತ್ತಾರೆ, ಪದವಿ ಪತ್ರ ಹಿಂದೆ ಚರ್ಮದ ಮೇಲೆ ಇರುತ್ತಿತ್ತು.

ಯಾಕೆ ಹೀಗೆ? 1973ರಲ್ಲಿ ಮೈಕೆಲ್ ಸ್ಪೆನ್ಸ್ ಒಂದು ಉತ್ತರ ಕೊಟ್ಟರು. ಅದಕ್ಕೆ 2001ರಲ್ಲಿ ನೊಬೆಲ್ ಕೂಡ ಬಂತು. ಕೆಲಸ ಕೊಡುವವರಿಗೆ ಎದುರಿಗೆ ಕೂತವರು ಎಂಥವರು ಎಂದು ಗೊತ್ತಿರುವುದಿಲ್ಲ. ಬುದ್ಧಿವಂತರೇ, ಹಿಡಿದ ಕೆಲಸ ಮುಗಿಸುವವರೇ, ಹೇಳಿದ್ದು ಮಾಡುವವರೇ? ಅಂಥವರಿಗೆ ಡಿಗ್ರಿ ಪಡೆಯುವುದು ಸ್ವಲ್ಪ ಸುಲಭ, ಉಳಿದವರಿಗೆ ಕಷ್ಟ. ಹಾಗಾಗಿ ಡಿಗ್ರಿಯೇ ಒಂದು ಗುರುತಾಗುತ್ತದೆ. ಕಾಲೇಜು ಒಂದಕ್ಷರ ಕಲಿಸದಿದ್ದರೂ ಈ ಗುರುತಿಗೆ ಬೆಲೆ ಇರುತ್ತದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಮ್ಮ ಹಿರಿಯರು ಹೇಳಿದ್ದನ್ನು ಸ್ಪೆನ್ಸ್ ಗಣಿತದಲ್ಲಿ ಬರೆದರು ಅನ್ನಬಹುದು. ಆದರೆ ಒಂದು ತಿರುವು ಇದೆ. ಆ ಮುಕ್ಕಾಲು ಇದೆ ಎಂದು ಅಪರಿಚಿತರಿಗೆ ತೋರಿಸಲು ಒಕ್ಕಾಲಿನ ಸರ್ಟಿಫಿಕೇಟೇ ಬೇಕು.

ಅರ್ಧಕ್ಕೆ ಬಿಟ್ಟವರ ಕಷ್ಟ ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಅವರು ಕಲಿತದ್ದು ಅವರ ತಲೆಯಲ್ಲೇ ಇದೆ, ಹೊರಗಿನವರಿಗೆ ಕಾಣುವುದಿಲ್ಲ. ಹೊರಗೆ ಕಾಣುವುದು ಒಂದೇ: ಶುರು ಮಾಡಿದ್ದನ್ನು ಮುಗಿಸಲಿಲ್ಲ. ಅಪ್ಪನ ಕಾಯಿಲೆಯಿಂದ ಬಿಟ್ಟರೋ, ಫೀಸು ಕಟ್ಟಲಾಗದೆ ಬಿಟ್ಟರೋ, ಅದನ್ನು ಅರ್ಜಿಯಲ್ಲಿ ಬರೆಯಲು ಜಾಗವೇ ಇರುವುದಿಲ್ಲ.

ಇಂಥವರು ಎಷ್ಟು ಜನ? ಅಮೆರಿಕದ ಅಂಕಿ ಚೆನ್ನಾಗಿ ಸಿಗುತ್ತದೆ, ಅದನ್ನೇ ಹೇಳುತ್ತೇನೆ. ಅಲ್ಲಿ ಕಾಲೇಜಿಗೆ ಸೇರಿದವರಲ್ಲಿ ಆರು ವರ್ಷದೊಳಗೆ ಏನಾದರೊಂದು ಪದವಿಯೋ ಸರ್ಟಿಫಿಕೇಟೋ ಪಡೆಯುವವರು ಶೇ. 60ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕಾಲೇಜು ಮೆಟ್ಟಿಲು ಹತ್ತಿ ಏನೂ ಪಡೆಯದೆ ಇಳಿದ, ದುಡಿಯುವ ವಯಸ್ಸಿನ ಜನ 3.5 ಕೋಟಿಗೂ ಹೆಚ್ಚು. ಇದು ಹಳೆಯ ರೋಗ ಕೂಡ. ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಲ್ಲೂ ಹೆಚ್ಚಿನವರು ಪದವಿ ಪಡೆಯದೆಯೇ ಹೋಗುತ್ತಿದ್ದರು. ಇಟಲಿಯ ಬೊಲೊನ್ಯಾದಲ್ಲಿ ವಿದ್ಯಾರ್ಥಿಗಳ ಸಂಘವೇ ಮೇಷ್ಟ್ರನ್ನು ನೇಮಿಸಿ, ತಡವಾಗಿ ಬಂದರೆ ಅವರಿಗೇ ದಂಡ ಹಾಕುತ್ತಿತ್ತು. ಈ ಮಾತಿಗೆ ಹಿಂದಿನ ಸಾಲಿನಿಂದ ಚಪ್ಪಾಳೆ ಬಂತು. ಮೇಷ್ಟ್ರುಗಳು ಮುಂದಿನ ಸಾಲಿನಲ್ಲಿದ್ದರು.

ಅಮೆರಿಕದ ಒಟ್ಟು ಶಿಕ್ಷಣ ಸಾಲ 1.6 ಲಕ್ಷ ಕೋಟಿ ಡಾಲರ್ ದಾಟಿದೆ. ಈ ಅಂಕಿ ಕೇಳಿದರೆ ಲಕ್ಷಾಂತರ ಡಾಲರ್ ಸಾಲ ಮಾಡಿದವರು ಮುಳುಗುತ್ತಿದ್ದಾರೆ ಅನಿಸುತ್ತದೆ. ಆದರೆ ಸಾಲದ ಕಂತು ತಪ್ಪಿಸುವವರ ದಾಖಲೆ ಬೇರೆಯದನ್ನೇ ಹೇಳುತ್ತದೆ. 1 ಲಕ್ಷ ಡಾಲರಿಗೂ ಹೆಚ್ಚು ಸಾಲ ಇರುವವರಿಗಿಂತ, 5 ಸಾವಿರ ಡಾಲರಿಗೂ ಕಡಿಮೆ ಸಾಲ ಇರುವವರೇ ಹೆಚ್ಚಿನ ಪ್ರಮಾಣದಲ್ಲಿ ಸುಸ್ತಿದಾರರಾಗುತ್ತಾರೆ. ಯಾಕೆಂದರೆ ದೊಡ್ಡ ಸಾಲ ಇರುವವರು ಬಹಳ ಸಲ ಡಾಕ್ಟರು, ವಕೀಲರು. ಅವರು ಓದು ಮುಗಿಸಿದ್ದಾರೆ, ಸಂಬಳ ಇದೆ, ನಿಧಾನವಾಗಿ ತೀರಿಸುತ್ತಾರೆ. ಸಣ್ಣ ಸಾಲ ಇರುವವರಲ್ಲಿ ಒಂದೆರಡು ಸೆಮಿಸ್ಟರಿಗೇ ಬಿಟ್ಟವರು ಜಾಸ್ತಿ. ಸಾಲ ಚಿಕ್ಕದು, ಆದರೆ ತೀರಿಸಲು ಬೇಕಾದ ಸಂಬಳವೇ ಇಲ್ಲ. ಅದೂ ಅಲ್ಲದೆ ಅಲ್ಲಿ ದಿವಾಳಿ ಎದ್ದರೂ ಶಿಕ್ಷಣ ಸಾಲ ಸುಲಭಕ್ಕೆ ಮನ್ನಾ ಆಗುವುದಿಲ್ಲ. ಕಾಲೇಜಿನ ಖರ್ಚಿನ ಬಗ್ಗೆ ನನಗೆ ಗೊತ್ತಿರುವ ಎಲ್ಲ ಅಂಕಿಗಳಲ್ಲಿ ಅತಿ ಮುಖ್ಯವಾದದ್ದು ಇದೇ ಎಂದು ನನ್ನ ನಂಬಿಕೆ. ಸಾಲದ ಮೊತ್ತ ನೋಡಿ ಹೆದರುವವರು ತಪ್ಪು ಕಡೆ ನೋಡುತ್ತಿದ್ದಾರೆ.

ಇಲ್ಲಿ ನಿಮ್ಮಲ್ಲಿ ಕೆಲವರಿಗೆ ಒಂದು ಅನುಮಾನ ಬಂದಿರಬಹುದು. ಮುಗಿಸುವವರು ಮೊದಲೇ ಜಾಣರು, ಮನೆಯಲ್ಲಿ ಅನುಕೂಲ ಇದ್ದವರು. ಅವರು ಕಾಲೇಜಿಗೆ ಹೋಗದಿದ್ದರೂ ಚೆನ್ನಾಗಿಯೇ ಸಂಪಾದಿಸುತ್ತಿದ್ದರು. ಹಾಗಿದ್ದರೆ ಡಿಗ್ರಿಯ ಲಾಭ ಎನ್ನುವುದು ಬರೀ ಭ್ರಮೆ ಅಲ್ಲವೇ?

ಬಹಳ ಒಳ್ಳೆಯ ಅನುಮಾನ. ಇದನ್ನು ಬಿಡಿಸಲು ಅರ್ಥಶಾಸ್ತ್ರಜ್ಞರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ತಲೆ ಕೆಡಿಸಿಕೊಂಡಿದ್ದಾರೆ. 1995ರಲ್ಲಿ ಡೇವಿಡ್ ಕಾರ್ಡ್ ಒಂದು ಉಪಾಯ ಹುಡುಕಿದರು. ಕಾಲೇಜು ಹತ್ತಿರ ಇರುವ ಊರಿನಲ್ಲಿ ಬೆಳೆದ ಹುಡುಗರನ್ನೂ ದೂರದ ಹುಡುಗರನ್ನೂ ಹೋಲಿಸಿದರು. ಕಾಲೇಜು ಹತ್ತಿರ ಇದೆ ಎಂದ ಮಾತ್ರಕ್ಕೆ ಯಾರೂ ಜಾಣರಾಗಿ ಹುಟ್ಟುವುದಿಲ್ಲವಲ್ಲ. ಹತ್ತಿರ ಇದ್ದವರು ಹೆಚ್ಚು ಓದಿದರು, ಹೆಚ್ಚು ಸಂಪಾದಿಸಿದರು. ಬಡ ಮನೆಯ ಹುಡುಗರಲ್ಲಿ ಈ ಪರಿಣಾಮ ಹೆಚ್ಚು ಇತ್ತು. ಊರಿನ ಆಯ್ಕೆಯೂ ಅಪ್ಪ ಅಮ್ಮನದ್ದೇ, ಹಾಗಾಗಿ ಇದರಲ್ಲೂ ತಕರಾರು ತೆಗೆದವರಿದ್ದಾರೆ. ಈ ಬಗೆಯ ಉಪಾಯಗಳಿಗಾಗಿಯೇ ಕಾರ್ಡ್ ಅವರಿಗೆ 2021ರ ನೊಬೆಲಿನಲ್ಲಿ ಪಾಲು ಸಿಕ್ಕಿತು.

ನನಗೆ ಇನ್ನೂ ಇಷ್ಟವಾದದ್ದು ಫ್ಲಾರಿಡಾದ ಒಂದು ಅಧ್ಯಯನ. ಸೆತ್ ಝಿಮ್ಮರ್‌ಮನ್ 2014ರಲ್ಲಿ ಪ್ರಕಟಿಸಿದ್ದು. ಅಲ್ಲಿನ ಒಂದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಲು ಕನಿಷ್ಠ ಅಂಕದ ಗೆರೆ ಇತ್ತು. ಗೆರೆಗಿಂತ ಕೂದಲೆಳೆಯಷ್ಟು ಮೇಲೆ ಇದ್ದವರು, ಕೂದಲೆಳೆಯಷ್ಟು ಕೆಳಗೆ ಇದ್ದವರು, ಇವರಿಬ್ಬರಿಗೂ ಬುದ್ಧಿಯಲ್ಲಿ ವ್ಯತ್ಯಾಸ ಇಲ್ಲ. ವ್ಯತ್ಯಾಸ ಒಂದೇ, ಒಬ್ಬರಿಗೆ ಸೀಟು ಸಿಕ್ಕಿತು, ಇನ್ನೊಬ್ಬರಿಗೆ ಇಲ್ಲ. ಹೈಸ್ಕೂಲು ಮುಗಿದು 8ರಿಂದ 14 ವರ್ಷ ಆದ ಮೇಲೆ ನೋಡಿದರೆ, ಸೀಟು ಸಿಕ್ಕವರ ಗಳಿಕೆ ಸುಮಾರು ಶೇ. 22 ಹೆಚ್ಚು. ಇದರಲ್ಲಿ ಸೀಟು ಸಿಕ್ಕಿಯೂ ಮುಗಿಸದವರು ಸೇರಿದ್ದಾರೆ, ನೆನಪಿಡಿ. ಖರ್ಚು ಕಳೆದರೂ ಲಾಭ ಉಳಿಯಿತು. ಅದರಲ್ಲೂ ಬಡ ಮನೆಯ ಮಕ್ಕಳಿಗೆ ಲಾಭ ಹೆಚ್ಚು.

ಈ ಅಧ್ಯಯನ ನನ್ನ ವಾದವನ್ನು ಸ್ವಲ್ಪ ಅಲ್ಲಾಡಿಸುತ್ತದೆ, ಅದಕ್ಕೇ ಹೇಳಿದೆ. ಬಿಟ್ಟವರ ಕಥೆ ಕೇಳಿ ಹೆದರಿ, ಅಂಕ ಕಡಿಮೆ ಇರುವ ಮಕ್ಕಳಿಗೆ ನಿಮಗೆ ಕಾಲೇಜು ಬೇಡ ಎಂದುಬಿಡುವುದು ಸುಲಭ. ಬಹಳ ಮೇಷ್ಟ್ರುಗಳು, ನೆಂಟರು ಹಾಗೆ ಹೇಳುತ್ತಾರೆ ಕೂಡ. ಅಂಕದ ಗೆರೆಯ ಅಂಚಿನಲ್ಲಿ ನಿಂತವರಿಗೂ ಕಾಲೇಜು ಲಾಭವನ್ನೇ ಕೊಟ್ಟಿದೆ. ಮುಗಿಸುವ ಸಾಧ್ಯತೆ ಎನ್ನುವುದು ಹುಡುಗನ ಹಣೆಯಲ್ಲಿ ಬರೆದಿರುವುದಿಲ್ಲ. ಅದರಲ್ಲಿ ದೊಡ್ಡ ಪಾಲು ಕಾಲೇಜಿನದು.

ಇದಕ್ಕೆ ಪುರಾವೆ ನ್ಯೂಯಾರ್ಕಿನಲ್ಲಿದೆ. ಅಲ್ಲಿನ ನಗರ ವಿಶ್ವವಿದ್ಯಾಲಯದ ಎರಡು ವರ್ಷದ ಕಾಲೇಜುಗಳಲ್ಲಿ 2007ರಿಂದ ಎಎಸ್‌ಎಪಿ ಎಂಬ ಯೋಜನೆ ಇದೆ. ಪೂರ್ಣಾವಧಿ ಓದಬೇಕು ಎಂಬುದು ಷರತ್ತು. ಅದಕ್ಕೆ ಬದಲಾಗಿ ವಿದ್ಯಾರ್ಥಿಗೆ ಸಲಹೆಗಾರರು ಸಿಗುತ್ತಾರೆ, ಅವರ ಕೈಯಲ್ಲಿ ಇರುವುದು ಕಡಿಮೆ ವಿದ್ಯಾರ್ಥಿಗಳು. ಆರ್ಥಿಕ ನೆರವು ಕಳೆದು ಉಳಿದ ಫೀಸು ಮನ್ನಾ. ಪುಸ್ತಕಕ್ಕೆ ನೆರವು. ಬಸ್ಸು, ರೈಲಿಗೆ ಉಚಿತ ಪಾಸು. ಇಷ್ಟೇ, ಯಾವ ಮಂತ್ರವೂ ಇಲ್ಲ. ಇದನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. ಮೂರು ವರ್ಷದಲ್ಲಿ ಮಾಮೂಲಿ ಗುಂಪಿನಲ್ಲಿ ಪದವಿ ಪಡೆದವರು ಶೇ. 22, ಯೋಜನೆಯ ಗುಂಪಿನಲ್ಲಿ ಶೇ. 40. ಒಬ್ಬೊಬ್ಬ ವಿದ್ಯಾರ್ಥಿಗೆ ಕಾಲೇಜು ಮಾಡಿದ ಖರ್ಚು ಏರಿತು. ಆದರೆ ಒಂದೊಂದು ಪದವಿಗೆ ಬಿದ್ದ ಖರ್ಚು ಇಳಿಯಿತು, ಯಾಕೆಂದರೆ ಮುಗಿಸಿದವರು ಜಾಸ್ತಿ.

ಆ ಬಸ್ ಪಾಸಿನ ಬಗ್ಗೆ ಒಂದು ಮಾತು. ಓದು ನಿಲ್ಲುವುದು ದೊಡ್ಡ ಕಾರಣಕ್ಕೇ ಎಂದು ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಹಾಗಿರುವುದಿಲ್ಲ. ಓಡಾಟದ ದುಡ್ಡು ಇಲ್ಲದೆ ಎರಡು ದಿನ ತರಗತಿ ತಪ್ಪುತ್ತದೆ. ಒಂದು ಇಂಟರ್ನಲ್ ಪರೀಕ್ಷೆ ಹೋಗುತ್ತದೆ. ಹಾಜರಾತಿ ಕೊರತೆ ಬೀಳುತ್ತದೆ. ಆಮೇಲೆ ಆಫೀಸಿಗೆ ಹೋಗಿ ಕೇಳಲು ನಾಚಿಕೆ. ಅಲ್ಲಿಂದ ಹುಡುಗ ಬರುವುದೇ ನಿಲ್ಲಿಸುತ್ತಾನೆ. ಆಗ ಯಾರಾದರೂ ಫೋನ್ ಮಾಡಿ ಯಾಕಪ್ಪಾ ಬರಲಿಲ್ಲ ಎಂದು ಕೇಳಿದರೆ ಸಾಕಾಗಿರುತ್ತದೆ. ಕೇಳುವುದು ಯಾರ ಕೆಲಸ ಎಂದು ಹೆಚ್ಚಿನ ಕಾಲೇಜುಗಳಲ್ಲಿ ಬರೆದಿರುವುದಿಲ್ಲ.

ಪಾಠ ಮಾತ್ರ ಸಾಕು, ಕಾಲೇಜು ಬೇಡ ಎನ್ನುವವರಿಗೂ ಇದೇ ಉತ್ತರ. 2011ರ ಕೊನೆಯಲ್ಲಿ ಸೆಬಾಸ್ಟಿಯನ್ ಥ್ರುನ್ ಮತ್ತು ಪೀಟರ್ ನಾರ್ವಿಗ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಆನ್‌ಲೈನಿನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದರು. ಸುಮಾರು 1,60,000 ಜನ ಹೆಸರು ಬರೆಸಿದರು. ಮುಗಿಸಿದವರು 20 ಸಾವಿರ ಚಿಲ್ಲರೆ. ಮುಂದಿನ ವರ್ಷ ಕೋರ್ಸೆರಾ, ಎಡ್‌ಎಕ್ಸ್, ಯುಡಾಸಿಟಿ ಎಂಬ ಆನ್‌ಲೈನ್ ಕೋರ್ಸಿನ ತಾಣಗಳೆಲ್ಲ ಬಂದವು. ಇನ್ನು ವಿಶ್ವವಿದ್ಯಾಲಯಗಳ ಕಥೆ ಮುಗಿಯಿತು ಎಂದು ಬರೆದವರೂ ಇದ್ದರು. ಜಗತ್ತಿನ ಒಳ್ಳೊಳ್ಳೆಯ ಪಾಠ ಈಗ ಬಿಟ್ಟಿಯಾಗಿ ಸಿಗುತ್ತದೆ. ಆದರೂ ಕಾಲೇಜುಗಳ ಮುಂದೆ ಸಾಲು ಕಡಿಮೆಯಾಗಿಲ್ಲ. ಕಾಲೇಜು ಮಾರುವುದು ಪಾಠವನ್ನು ಮಾತ್ರವಲ್ಲ ಎಂದು ನನಗೆ ಅನಿಸುವುದು ಅದಕ್ಕೇ. ಬೆಳಗ್ಗೆ ಎಬ್ಬಿಸುವ ವೇಳಾಪಟ್ಟಿ, ಪಕ್ಕದ ಬೆಂಚಿನ ಗೆಳೆಯ, ಪರೀಕ್ಷೆಯ ಭಯ, ಇವೆಲ್ಲ ಸೇರಿಯೇ ಜನರನ್ನು ಕೊನೆ ಮುಟ್ಟಿಸುತ್ತವೆ.

ಯಾವ ವಿಷಯ ಓದಬೇಕು, ಯಾವ ಕಾಲೇಜು ಎಂಬುದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಾರ್ವೆಯ ಪ್ರವೇಶದ ದಾಖಲೆಗಳನ್ನು ಇಟ್ಟುಕೊಂಡು 2016ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಮುಂದಿನ ಗಳಿಕೆಯಲ್ಲಿ ಯಾವ ವಿಷಯ ಓದಿದಿರಿ ಎಂಬುದು ಮಾಡುವ ವ್ಯತ್ಯಾಸ ದೊಡ್ಡದು, ಯಾವ ಸಂಸ್ಥೆ ಎಂಬುದು ಮಾಡುವ ವ್ಯತ್ಯಾಸ ಅದಕ್ಕಿಂತ ಬಹಳ ಚಿಕ್ಕದು. ಅಮೆರಿಕದಲ್ಲಿ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಇನ್ನೊಂದು ಬಗೆಯಲ್ಲಿ ನೋಡಿದರು. ದೊಡ್ಡ ಹೆಸರಿನ ಕಾಲೇಜಿಗೂ ಆಯ್ಕೆಯಾಗಿ, ಬೇರೆ ಕಡೆ ಸೇರಿದವರು ಏನಾದರು? ಸರಾಸರಿಯಲ್ಲಿ ಅಷ್ಟೇ ಸಂಪಾದಿಸಿದರು. ಬಡ ಮನೆಯಿಂದ ಬಂದವರಿಗೆ ಮಾತ್ರ ದೊಡ್ಡ ಕಾಲೇಜು ಲಾಭ ಕೊಟ್ಟಿತು. ಅಂದರೆ ಕಾಲೇಜಿನ ಹೆಸರಿಗೆ ದುಡ್ಡು ಸುರಿಯಲು ಶಕ್ತಿ ಇರುವವರಿಗೆ ಅದರ ಅಗತ್ಯ ಕಡಿಮೆ. ಅಗತ್ಯ ಇರುವವರಿಗೆ ಶಕ್ತಿ ಇರುವುದಿಲ್ಲ. ನಿಜ ಹೇಳಬೇಕೆಂದರೆ ಇದು ಓದಿದಾಗ ನನಗೆ ಸಿಟ್ಟು ಬಂತು.

ಆದರೆ ವಿಷಯ ಆರಿಸುವಾಗಲೂ ಸಂಬಳದ ಪಟ್ಟಿಯನ್ನೇ ನೋಡಿ ಆರಿಸಬೇಡಿ. ಮನಸ್ಸಿಲ್ಲದ ಎಂಜಿನಿಯರಿಂಗನ್ನು ಮೂರನೇ ಸೆಮಿಸ್ಟರಿಗೆ ಬಿಟ್ಟವರಿಗೆ ಎಂಜಿನಿಯರ್ ಸಂಬಳದ ಸರಾಸರಿ ಯಾವ ಕೆಲಸಕ್ಕೂ ಬರುವುದಿಲ್ಲ. ಕಡಿಮೆ ಸಂಬಳದ ವಿಷಯವಾದರೂ ಮುಗಿಸುವಂಥದ್ದು, ಎಷ್ಟೋ ಸಲ, ಮುಗಿಸದ ದೊಡ್ಡ ವಿಷಯಕ್ಕಿಂತ ಮೇಲು.

ಇನ್ನು ಪೆಟ್ಟು ಯಾರಿಗೆ ಎಂಬ ಪ್ರಶ್ನೆ. ಇದು ದುಡ್ಡಿನ ಪ್ರಶ್ನೆಯಷ್ಟೇ ರಾಜಕೀಯದ ಪ್ರಶ್ನೆ ಕೂಡ.

ಮನೆ ಸಾಲ, ಕಾರು ಸಾಲದ ಹಾಗೆ ಶಿಕ್ಷಣ ಸಾಲ ಕೊಟ್ಟರೆ ಏನಾಗುತ್ತದೆ? ಮನೆ ಸಾಲ ತೀರಿಸಲು ಆಗದಿದ್ದರೆ ಬ್ಯಾಂಕು ಮನೆ ಮಾರಿಕೊಳ್ಳುತ್ತದೆ. ಓದು ಮಾರಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಬ್ಯಾಂಕು ಅಪ್ಪನ ಸಹಿ ಕೇಳುತ್ತದೆ, ಆಸ್ತಿ ಕೇಳುತ್ತದೆ. ಓದು ಫಲ ಕೊಡಲಿ ಬಿಡಲಿ, ಕಂತು ಅಷ್ಟೇ ಇರುತ್ತದೆ. ಮುಗಿಸಿದವರಿಗೂ ಮುಗಿಸದವರಿಗೂ ಒಂದೇ ಕಂತು.

1955ರಲ್ಲೇ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಇದನ್ನು ಗಮನಿಸಿದ್ದರು. ಕಂಪನಿಯಲ್ಲಿ ಷೇರು ಕೊಂಡ ಹಾಗೆ, ವಿದ್ಯಾರ್ಥಿಯ ಮುಂದಿನ ಗಳಿಕೆಯಲ್ಲಿ ಒಂದು ಪಾಲು ಪಡೆಯುವ ಷರತ್ತಿನ ಮೇಲೆ ಓದಿಗೆ ದುಡ್ಡು ಕೊಡಬಹುದು ಎಂದರು. ಹೆಚ್ಚು ಗಳಿಸಿದವರು ಹೆಚ್ಚು ಕೊಡುತ್ತಾರೆ, ಸೋತವರು ಕಡಿಮೆ. 1971ರಲ್ಲಿ ಯೇಲ್ ವಿಶ್ವವಿದ್ಯಾಲಯ ಅದನ್ನು ನಿಜವಾಗಿ ಮಾಡಿ ನೋಡಿತು. ಅರ್ಥಶಾಸ್ತ್ರಜ್ಞ ಜೇಮ್ಸ್ ಟೋಬಿನ್ ಅದರ ಹಿಂದೆ ಇದ್ದರು. ಪ್ರತಿ 1,000 ಡಾಲರ್ ಸಾಲಕ್ಕೆ ವರ್ಷದ ವರಮಾನದ ಶೇ. 0.4 ಕಟ್ಟಬೇಕು. ಒಂದು ವರ್ಷದ ವಿದ್ಯಾರ್ಥಿಗಳೆಲ್ಲ ಒಂದು ಗುಂಪು. ಇಡೀ ಗುಂಪಿನ ಸಾಲ ತೀರುವವರೆಗೆ, ಇಲ್ಲವೇ 35 ವರ್ಷ ಆಗುವವರೆಗೆ ಎಲ್ಲರೂ ಕಟ್ಟುತ್ತಿರಬೇಕು. ಮುಂದೆ ಅಮೆರಿಕದ ಅಧ್ಯಕ್ಷರಾದ ಬಿಲ್ ಕ್ಲಿಂಟನ್ ಕೂಡ ಈ ಸಾಲ ತೆಗೆದವರಲ್ಲಿ ಒಬ್ಬರು.

ಕಾಗದದ ಮೇಲೆ ಚೆನ್ನಾಗಿತ್ತು. ನಡೆದದ್ದು ಬೇರೆ. ಚೆನ್ನಾಗಿ ಗಳಿಸಿದವರಿಗೆ ಒಂದೇ ಸಲ ದೊಡ್ಡ ಮೊತ್ತ ಕಟ್ಟಿ ಹೊರಬರುವ ಅವಕಾಶ ಇತ್ತು. ಅವರು ಹೊರಬಂದರು. ಇನ್ನು ಕೆಲವರು ಕಟ್ಟುವುದನ್ನೇ ನಿಲ್ಲಿಸಿದರು. ಉಳಿದದ್ದು ಮಧ್ಯದವರು, ನಿಯತ್ತಾಗಿ ಕಟ್ಟುತ್ತಿದ್ದವರು. ತಮ್ಮ ಸಾಲ ಯಾವತ್ತೋ ತೀರಿದ್ದರೂ ಗುಂಪಿನ ಸಾಲ ತೀರಲಿಲ್ಲ. ಮೇಷ್ಟ್ರು, ಸಮಾಜಸೇವೆ ಮಾಡುವವರು ಇಪ್ಪತ್ತೈದು ವರ್ಷ ಕಳೆದರೂ ಕಂತು ಕಟ್ಟುತ್ತಲೇ ಇದ್ದರು. ಕೊನೆಗೆ 2001ರಲ್ಲಿ ಯೇಲ್ ಉಳಿದದ್ದನ್ನು ಮನ್ನಾ ಮಾಡಿ ಕೈ ತೊಳೆದುಕೊಂಡಿತು. ಅಪಾಯವನ್ನು ಹಂಚಿಕೊಳ್ಳುವ ವಿಚಾರ ಒಳ್ಳೆಯದೇ. ಆದರೆ ಗೆಳೆಯರ ಗುಂಪಿನ ತಲೆಗೆ ಕಟ್ಟಿದರೆ ಹೀಗಾಗುತ್ತದೆ.

ಆಸ್ಟ್ರೇಲಿಯಾ 1989ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ 1974ರಿಂದ ವಿಶ್ವವಿದ್ಯಾಲಯ ಉಚಿತವಾಗಿತ್ತು. ಬ್ರೂಸ್ ಚಾಪ್‌ಮನ್ ರೂಪಿಸಿದ ಹೊಸ ಯೋಜನೆಯಲ್ಲಿ ವರ್ಷಕ್ಕೆ 1,800 ಆಸ್ಟ್ರೇಲಿಯನ್ ಡಾಲರ್ ಶುಲ್ಕ ಬಂತು. ಆದರೆ ಸೇರುವಾಗ ಕೈಯಿಂದ ಕಟ್ಟಬೇಕಾಗಿಲ್ಲ. ಸಂಬಳ ಒಂದು ಮಟ್ಟ ದಾಟಿದ ಮೇಲೆ ತೆರಿಗೆಯ ಜೊತೆಗೆ ಹಿಡಿದುಕೊಳ್ಳುತ್ತಾರೆ. ದಾಟದಿದ್ದರೆ ಕಂತೇ ಇಲ್ಲ. ಇಲ್ಲಿ ಸೋತವರ ಪಾಲನ್ನು ಸರ್ಕಾರ ಹೊರುತ್ತದೆ. ಅರ್ಧಕ್ಕೆ ಬಿಟ್ಟವರ ಹೆಸರಿನಲ್ಲಿ ಸಾಲ ಉಳಿಯುತ್ತದೆ, ಕುತ್ತಿಗೆಗೆ ಬರುವುದಿಲ್ಲ. ಇದೇನು ಸ್ವರ್ಗವಲ್ಲ. ಸಾಲ ಬೆಲೆ ಏರಿಕೆಯ ಜೊತೆ ಏರುತ್ತಿತ್ತು. 2023ರಲ್ಲಿ ಒಂದೇ ಏಟಿಗೆ ಶೇ. 7.1 ಏರಿ ಜನ ರೊಚ್ಚಿಗೆದ್ದರು. ಮರುವರ್ಷ ಸರ್ಕಾರ ಆ ನಿಯಮವನ್ನೇ ಬದಲಿಸಬೇಕಾಯಿತು. ಆದರೂ ನಾನು ನೋಡಿದ ಯೋಜನೆಗಳಲ್ಲಿ ಬಿಟ್ಟವರನ್ನು ನೆನಪಿಟ್ಟುಕೊಂಡು ಮಾಡಿದ್ದು ಎಂದರೆ ಇದೇ ಜಾತಿಯವು.

ಇಂಗ್ಲೆಂಡ್ ಕ್ರಮೇಣ ಇದೇ ದಾರಿಗೆ ಬಂತು, ಜೊತೆಗೆ ಬೆಲೆಯನ್ನು ಏರಿಸುತ್ತಾ ಹೋಯಿತು. ಶುಲ್ಕದ ಗರಿಷ್ಠ ಮಿತಿ 1998ರಲ್ಲಿ ವರ್ಷಕ್ಕೆ 1,000 ಪೌಂಡ್, 2006ರಲ್ಲಿ 3,000, 2012ರಲ್ಲಿ 9,000. 30 ವರ್ಷ ಆದ ಮೇಲೆ ಉಳಿದ ಸಾಲ ಮನ್ನಾ ಎಂದಿದ್ದದ್ದು, 2023ರಿಂದ ಸೇರಿದವರಿಗೆ 40 ವರ್ಷವಾಯಿತು. ಜರ್ಮನಿಯ ಹಲವು ರಾಜ್ಯಗಳು ಶುಲ್ಕ ಶುರು ಮಾಡಿ, ಜನರ ವಿರೋಧಕ್ಕೆ ಮಣಿದು ಒಂದೊಂದಾಗಿ ಕೈಬಿಟ್ಟವು. ಕೊನೆಯದಾಗಿ ಬಿಟ್ಟದ್ದು ಲೋವರ್ ಸ್ಯಾಕ್ಸನಿ, 2014ರಲ್ಲಿ. ಒಂದೇ ಡಿಗ್ರಿ, ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಬೆಲೆ. ಬೆಲೆ ಎನ್ನುವುದು ಬಹುಪಾಲು ಸರ್ಕಾರಗಳು ಮಾಡಿದ ತೀರ್ಮಾನ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬರು ಕೇಳಿದರು: ಈಗ ಕಂಪನಿಗಳು ಡಿಗ್ರಿ ಬೇಡ, ಕೌಶಲ ಸಾಕು ಎನ್ನುತ್ತಿವೆಯಲ್ಲ, ಇನ್ನು ಹತ್ತು ವರ್ಷದಲ್ಲಿ ಈ ಚರ್ಚೆಯೇ ಇರುವುದಿಲ್ಲ ಅಲ್ವಾ? ಹೌದು, ಎನ್ನುತ್ತಿವೆ. ಆದರೆ 2024ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಬರ್ನಿಂಗ್ ಗ್ಲಾಸ್ ಸಂಸ್ಥೆ ಸೇರಿ ಅಮೆರಿಕದಲ್ಲಿ ನಿಜವಾಗಿ ಯಾರನ್ನು ಕೆಲಸಕ್ಕೆ ತೆಗೆದುಕೊಂಡರು ಎಂದು ನೋಡಿದವು. ಜಾಹೀರಾತಿನಿಂದ ಡಿಗ್ರಿ ಷರತ್ತು ತೆಗೆದದ್ದರಿಂದ ಲಾಭವಾದದ್ದು ವರ್ಷದ 700 ನೇಮಕಾತಿಗಳಲ್ಲಿ ಒಬ್ಬರಿಗೂ ಇಲ್ಲ. ಜಾಹೀರಾತು ಬದಲಾಗಿದೆ, ಸಂದರ್ಶನ ಮಾಡುವವರ ಅಭ್ಯಾಸ ಬದಲಾಗಿಲ್ಲ. ಹಾಗಾಗಿ ಆ ಜಾಹೀರಾತು ನಂಬಿ ಓದು ಬಿಡಬೇಡಿ. ಗೇಟ್ಸ್ ಬಿಟ್ಟಾಗ ಅವರ ಕೈಯಲ್ಲಿ ನಡೆಯುತ್ತಿದ್ದ ವ್ಯವಹಾರ ಇತ್ತು, ಹಾರ್ವರ್ಡಿಗೆ ಮರಳಲು ಬಾಗಿಲೂ ತೆರೆದಿತ್ತು.

ಇನ್ನೊಂದು ಪ್ರಶ್ನೆ ಕೇಳಿದವರು ತಮ್ಮ ತಂಗಿಯ ಬಗ್ಗೆ ಕೇಳಿದರು. ಎರಡು ವರ್ಷ ಓದಿ ಬಿಟ್ಟಿದ್ದಾಳೆ, ಈಗ ಸಣ್ಣ ಕೆಲಸದಲ್ಲಿದ್ದಾಳೆ, ವಾಪಸ್ ಹೋಗುವುದು ಲಾಭವೇ? ನಾನು ಆಗ ಹಾಕಿ ತೋರಿಸಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ. ಮೊದಲ ಎರಡು ವರ್ಷಕ್ಕೆ ಖರ್ಚಾದ 280ನ್ನು ಮರೆತುಬಿಡಿ. ಅವಳು ವಾಪಸ್ ಹೋದರೂ ಆ ದುಡ್ಡು ಹೋಯಿತು, ಹೋಗದಿದ್ದರೂ ಹೋಯಿತು. ಈಗ ಅವಳ ಸಂಬಳ 105. ಇನ್ನೆರಡು ವರ್ಷದ ಫೀಸು 80, ಬಿಡಬೇಕಾದ ಸಂಬಳ 210, ಒಟ್ಟು 290. ಡಿಗ್ರಿ ಬಂದರೆ 150, ಅಂದರೆ ವರ್ಷಕ್ಕೆ 45 ಹೆಚ್ಚು. ಆರೂವರೆ ವರ್ಷದಲ್ಲಿ ಅಸಲು ವಾಪಸ್. ಹೊಸದಾಗಿ ಸೇರುವವರಿಗೆ ಹನ್ನೊಂದು ವರ್ಷ ಬೇಕಿತ್ತು. ಕೆಲಸ ಬಿಡದೆ ಸಂಜೆ ಕಾಲೇಜಿನಲ್ಲೋ ದೂರಶಿಕ್ಷಣದಲ್ಲೋ ಮುಗಿಸಲು ಆದರೆ ಖರ್ಚು ಬರೀ 80ಕ್ಕೆ ಇಳಿಯುತ್ತದೆ. ಆಗ ಎರಡೇ ವರ್ಷ ಸಾಕು, ಆದರೆ ಹಾಗೆ ಓದುವವರಲ್ಲಿ ಮತ್ತೆ ಅರ್ಧಕ್ಕೆ ಬಿಡುವವರೂ ಜಾಸ್ತಿ.

ವಯಸ್ಸು ಹೆಚ್ಚಿದ್ದು, ಈಗಿನ ಸಂಬಳವೇ 130ಕ್ಕೆ ಬಂದಿದ್ದರೆ ಉತ್ತರ ತಲೆಕೆಳಗಾಗುತ್ತದೆ. ಬಿಡಬೇಕಾದ ಸಂಬಳ ಏರುತ್ತದೆ, ಸಿಗುವ ಲಾಭ 20ಕ್ಕೆ ಇಳಿಯುತ್ತದೆ. ತಂಗಿಯ ವಿಷಯದಲ್ಲಿ ಹಾಗಿಲ್ಲ, ಅವಳಿಗೆ ಇನ್ನೂ ಇಪ್ಪತ್ತಮೂರು. ಫೀಸು ಕಟ್ಟುವ ಮೊದಲು ಅವಳು ಕಾಲೇಜಿನಿಂದ ಒಂದನ್ನು ಬರಹದಲ್ಲಿ ಪಡೆಯಲಿ ಎಂದೆ: ಹಳೆಯ ಎರಡು ವರ್ಷದ ಅಂಕಗಳನ್ನು ಅವರು ಈಗಲೂ ಒಪ್ಪುತ್ತಾರೆಯೇ, ಇಲ್ಲವೇ ಮೊದಲಿನಿಂದ ಶುರು ಮಾಡಿಸುತ್ತಾರೆಯೇ ಎಂದು.